ತ್ರೈಏಕ ದೇವರು ಮತ್ತು ನಮ್ಮ ಧರ್ಮಕೇಂದ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ಧರ್ಮೋಪದೇಶ ತರಗತಿ, ಪೂಜೆ ಮುಗಿದ ಮೇಲಿನ ಅಂಗಳದ ಹರಟೆ, ಮದುವೆ ತಯಾರಿಯ ಶಿಬಿರ, ಆಗೊಮ್ಮೆ ಈಗೊಮ್ಮೆ ಬರುವ ಪತ್ರ, ಪಕ್ಕದ ಮನೆಯವರ ಕುತೂಹಲ: ಈ ಪ್ರಶ್ನೆಗಳು ಹುಟ್ಟಿದ್ದು ಇಂಥ ಕಡೆಗಳಲ್ಲಿ. ಕೇಳಿದವರ ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಧರ್ಮೋಪದೇಶದ ಮೇಷ್ಟರ ಉತ್ತರಗಳಿವು, ದೇವಶಾಸ್ತ್ರದ ಪಂಡಿತರವಲ್ಲ. ಮೊದಲು ಸುಲಭದ್ದು, ಕೊನೆಗೆ ಕಷ್ಟದ್ದು.

## ಮೊದಲ ಪ್ರಶ್ನೆಗಳು

ಧರ್ಮಕೇಂದ್ರ ಅಂದ್ರೆ ಚರ್ಚಾ? ನಾನು ಯಾವುದಕ್ಕೆ ಸೇರಿದವನು ಅಂತ ಹೇಗೆ ಗೊತ್ತಾಗುತ್ತೆ?

ಚರ್ಚು ಕಟ್ಟಡ. ಒಂದು ಗಡಿಯೊಳಗೆ ವಾಸಿಸುವ ಕಥೋಲಿಕರ ಸಮುದಾಯವೇ ಧರ್ಮಕೇಂದ್ರ. ಅದನ್ನು ನೋಡಿಕೊಳ್ಳಲು ಧರ್ಮಾಧ್ಯಕ್ಷರು (ಬಿಷಪರು) ಒಬ್ಬ ಗುರುಗಳನ್ನು (ಫಾದರ್) ನೇಮಿಸಿರುತ್ತಾರೆ. ನೀವು ಎಲ್ಲಿ ವಾಸವಿದ್ದೀರೋ ಆ ಗಡಿಯ ಧರ್ಮಕೇಂದ್ರ ನಿಮ್ಮದು. ಮಂಡ್ಯದಿಂದ ರಾಜಾಜಿನಗರಕ್ಕೆ ಬಾಡಿಗೆಗೆ ಬಂದಿದ್ದರೆ ಅಲ್ಲಿನ ಕಚೇರಿಗೆ ಹೋಗಿ ಹೆಸರು ಬರೆಸಿ. ಪೂಜೆಗೆ ಯಾವ ಚರ್ಚಿಗಾದರೂ ಹೋಗಬಹುದು, ಆದರೆ ಮದುವೆ ಪತ್ರ, ಮಗುವಿನ ಜ್ಞಾನಸ್ನಾನ (ಬ್ಯಾಪ್ಟಿಸಮ್) ಅಂತ ಬಂದಾಗ ಕೇಳುವುದು ನಿಮ್ಮ ಧರ್ಮಕೇಂದ್ರವನ್ನೇ. ನಿಮ್ಮ ಜ್ಞಾನಸ್ನಾನದ ದಾಖಲೆ ಮಾತ್ರ ಅದು ನಡೆದ ಚರ್ಚಿನ ಪುಸ್ತಕದಲ್ಲೇ ಇರುತ್ತದೆ. ಮುಂದೆ ದೃಢೀಕರಣ, ಮದುವೆ ಎಲ್ಲೇ ಆದರೂ ಅದೇ ಪುಟದ ಅಂಚಿಗೆ ಬಂದು ಸೇರಬೇಕು.

ಕೇರಳ ಮೂಲದ ಸಿರೋ-ಮಲಬಾರ್ ಕುಟುಂಬಗಳಿಗೆ ಲೆಕ್ಕ ಬೇರೆ. ಬೆಳ್ತಂಗಡಿ, ಭದ್ರಾವತಿ, ಮಂಡ್ಯಗಳಲ್ಲಿ ಅವರದೇ ಧರ್ಮಕ್ಷೇತ್ರಗಳಿವೆ (ಒಬ್ಬ ಧರ್ಮಾಧ್ಯಕ್ಷರ ಕೆಳಗಿನ ಪ್ರದೇಶಗಳು). ಅವರೂ ಕಥೋಲಿಕರೇ, ಪೂಜಾವಿಧಿ ಬೇರೆ.

ಶಿಲುಬೆ ಗುರುತು ಹಾಕ್ಕೊಳ್ಳೋದು ಯಾಕೆ? ಎಡಗಡೆ ಮೊದಲಾ, ಬಲಗಡೆ ಮೊದಲಾ?

ನಮ್ಮಲ್ಲಿ ಬಲಗೈಯಿಂದ ಹಣೆ, ಎದೆ, ಎಡ ಭುಜ, ಬಲ ಭುಜ. ಗ್ರೀಕ್, ರಷ್ಯನ್ ಆರ್ಥಡಾಕ್ಸರು ಬಲ ಭುಜವನ್ನು ಮೊದಲು ಮುಟ್ಟುತ್ತಾರೆ. ಎರಡೂ ಸರಿ.

ಇನ್ನು ಯಾಕೆ ಎಂಬುದಕ್ಕೆ: ‘ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ’ ಎನ್ನುವಾಗ ನಾವು ಜ್ಞಾನಸ್ನಾನದ ದಿನ ನಮ್ಮ ಮೇಲೆ ಹೇಳಿದ ಮಾತನ್ನೇ ಮತ್ತೆ ಹೇಳುತ್ತಿದ್ದೇವೆ. ಬಾಗಿಲಲ್ಲಿ ತೀರ್ಥ ಮುಟ್ಟಿ ಗುರುತು ಹಾಕಿಕೊಳ್ಳುವುದೂ ಅದರ ನೆನಪಿಗೇ. ತ್ರಿತ್ವ, ಅಂದರೆ ಪಿತ, ಸುತ, ಪವಿತ್ರಾತ್ಮ ಎಂಬ ಮೂವರು ಒಬ್ಬರೇ ದೇವರು ಎಂಬುದು, ಅರ್ಥವಾಗುವುದಿಲ್ಲ ಎಂದು ಹೇಳುವ ಅಜ್ಜಿಯಂದಿರು ದಿನಕ್ಕೆ ಎಷ್ಟು ಸಲ ಅದನ್ನು ಮೈಮೇಲೆ ಬರೆದುಕೊಳ್ಳುತ್ತಾರೆ ನೋಡಿ. ಬಸ್ಸು ಚರ್ಚಿನ ಮುಂದೆ ಹಾದಾಗ ನೊಣ ಓಡಿಸುವಂತೆ ಕೈ ಆಡಿಸುವವರ ಬಗ್ಗೆ ನನಗೆ ತಕರಾರಿದೆ, ಆದರೆ ಹಾಕಿಕೊಳ್ಳದೇ ಇರುವುದಕ್ಕಿಂತ ಅದು ವಾಸಿ.

ಹಾಗಾದ್ರೆ ನಿಮಗೆ ಮೂರು ದೇವರಾ?

ಅಲ್ಲ. ನಮ್ಮ ನಂಬಿಕೆಯನ್ನು ಸಾರುವ ವಿಶ್ವಾಸ ಸಂಗ್ರಹ ಶುರುವಾಗುವುದೇ ಒಬ್ಬರೇ ದೇವರನ್ನು ವಿಶ್ವಾಸಿಸುತ್ತೇವೆ ಎಂಬ ಮಾತಿನಿಂದ. ಪಿತ ಸಂಪೂರ್ಣ ದೇವರು, ಸುತ ಸಂಪೂರ್ಣ ದೇವರು, ಪವಿತ್ರಾತ್ಮ ಸಂಪೂರ್ಣ ದೇವರು. ಆದರೂ ದೈವತ್ವ ಒಂದೇ. ಮೂವರೂ ಆ ದೈವತ್ವವನ್ನು ಪಾಲು ಹಂಚಿಕೊಂಡಿಲ್ಲ, ಒಬ್ಬೊಬ್ಬರಿಗೆ ಮೂರನೇ ಒಂದಂಶ ಅಂತ ಇಲ್ಲ. ಹಾಗಾದರೆ ಮೂವರು ಬೇರೆಯಾಗುವುದು ಎಲ್ಲಿ? ಅವರ ಸಂಬಂಧದಲ್ಲಿ ಮಾತ್ರ: ಪಿತ ಯಾರಿಂದಲೂ ಬಂದವರಲ್ಲ, ಸುತ ಪಿತನಿಂದ ಜನಿಸಿದವರು, ಪವಿತ್ರಾತ್ಮ ಹೊರಹೊಮ್ಮುವವರು. ಇದನ್ನು ಎಣಿಕೆಯ ಲೆಕ್ಕವಾಗಿ ಬಿಡಿಸಲು ಹೊರಟವರು ಒಂದೋ ಮೂರು ದೇವರಿಗೆ ಬಂದು ನಿಲ್ಲುತ್ತಾರೆ, ಇಲ್ಲವೇ ಯೇಸುವನ್ನು ದೇವರ ಸ್ಥಾನದಿಂದ ಇಳಿಸುತ್ತಾರೆ. ಹಾಗಾಗಿ ತರಗತಿಯಲ್ಲಿ ನಾನು ಒಂದು-ಮೂರರಿಂದ ಶುರು ಮಾಡುವುದಿಲ್ಲ. ಯೇಸು ಯಾರನ್ನು ‘ಅಬ್ಬಾ’ (ಅಪ್ಪಾ) ಎಂದು ಕರೆದರು, ಯಾರನ್ನು ಕಳುಹಿಸುತ್ತೇನೆಂದು ಮಾತು ಕೊಟ್ಟರು ಎಂಬಲ್ಲಿಂದ ಶುರು.

ತ್ರೈಏಕ ದೇವರ ಹಬ್ಬ ಯಾವಾಗ? ತೇರಿಲ್ಲ, ಊಟ ಇಲ್ಲ, ಇದೆಂಥ ಹಬ್ಬ?

ಪವಿತ್ರಾತ್ಮರು ಶಿಷ್ಯರ ಮೇಲೆ ಇಳಿದದ್ದನ್ನು ನೆನೆಯುವ ಪೆಂತೆಕೋಸ್ತ್ ಆದ ಮುಂದಿನ ಭಾನುವಾರ. ಈಸ್ಟರ್ ಜೊತೆ ಇದರ ದಿನಾಂಕವೂ ಓಡಾಡುತ್ತದೆ: 2025ರಲ್ಲಿ ಜೂನ್ 15, 2026ರಲ್ಲಿ ಮೇ 31, 2027ರಲ್ಲಿ ಮೇ 23. ಯೂರೋಪಿನ ಹಲವು ಕಡೆ ಮೊದಲೇ ಆಚರಣೆಯಲ್ಲಿದ್ದ ಹಬ್ಬವನ್ನು ಇಡೀ ಪಾಶ್ಚಾತ್ಯ ಧರ್ಮಸಭೆಗೆ ವಿಸ್ತರಿಸಿದವರು ಇಪ್ಪತ್ತೆರಡನೇ ಜಾನ್ ಪೋಪರು, 1334ರಲ್ಲಿ.

ತೇರಿಲ್ಲ ಎಂಬ ದೂರು ನಿಜ. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಜೂನ್ 13ರಂದು, ಮೈಸೂರು ಜಿಲ್ಲೆಯ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ಹಬ್ಬಕ್ಕೆ ಜಾತಿ ಮತ ನೋಡದೆ ಜನ ಕಿಕ್ಕಿರಿಯುತ್ತಾರೆ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಬೆಸಿಲಿಕಾ, ಜನವರಿಯಲ್ಲಿ ಕಾರ್ಕಳದ ಅತ್ತೂರು, ಎಲ್ಲೆಲ್ಲೂ ಮೇಣದಬತ್ತಿ, ಹರಕೆ, ಮಿಠಾಯಿ ಅಂಗಡಿ. ಸಂತರಿಗೆ ಪ್ರತಿಮೆ ಇದೆ, ಕತೆ ಇದೆ, ಹೊತ್ತು ಸಾಗಬಹುದು. ತ್ರಿತ್ವವನ್ನು ಹೊರುವುದು ಹೇಗೆ? ವರ್ಷದ ಮಿಕ್ಕ ಹಬ್ಬಗಳು ದೇವರು ಮಾಡಿದ ಒಂದೊಂದು ಕೆಲಸವನ್ನು ನೆನೆಯುತ್ತವೆ, ಇದೊಂದು ಮಾತ್ರ ದೇವರು ಯಾರು ಎಂಬುದನ್ನೇ ನೆನೆಯುತ್ತದೆ. ಆ ದಿನ ಗುರುಗಳು ಬಿಳಿ ವಸ್ತ್ರ ತೊಡುತ್ತಾರೆ, ಮುಂದಿನ ವಾರಗಳಲ್ಲಿ ಹೆಚ್ಚಾಗಿ ಹಸಿರು. ಪ್ರಸಂಗ ಮಾಡಲು ಗುರುಗಳಿಗೇ ಅಂಜಿಕೆಯಾಗುವ ಭಾನುವಾರ ಇದು ಎಂದು ನನ್ನ ಅನುಮಾನ.

ಬೆಂಗಳೂರಿನ ಟ್ರಿನಿಟಿ ಸರ್ಕಲ್‌ನಲ್ಲಿರೋ ಚರ್ಚು ನಮ್ಮದೇನಾ?

ಅಲ್ಲ, ಅದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರಾಟೆಸ್ಟೆಂಟ್ ಸಭೆಯದು. 19ನೇ ಶತಮಾನದ ನಡುವಿನಲ್ಲಿ ದಂಡು ಪ್ರದೇಶದ ಬ್ರಿಟಿಷ್ ಸೈನಿಕರಿಗಾಗಿ ಕಟ್ಟಿದ ಆಂಗ್ಲಿಕನ್ ಚರ್ಚು. ಸರ್ಕಲ್ಲಿಗೂ ಮೆಟ್ರೊ ನಿಲ್ದಾಣಕ್ಕೂ ಹೆಸರು ಬಂದದ್ದು ಅದರಿಂದಲೇ. ತ್ರಿತ್ವದ ವಿಷಯದಲ್ಲಿ ಮಾತ್ರ ಅವರಿಗೂ ನಮಗೂ ಭಿನ್ನಾಭಿಪ್ರಾಯ ಇಲ್ಲ.

## ಕಚೇರಿಯ ಬಾಗಿಲಲ್ಲಿ ಕೇಳುವವು

ನನ್ನನ್ನ ಮದುವೆ ಆಗೋ ಹುಡುಗಿ ಸಿ.ಎಸ್.ಐ. ಅವಳಿಗೆ ಮತ್ತೆ ಜ್ಞಾನಸ್ನಾನ ಮಾಡಿಸ್ಬೇಕಾ?

ಬೇಡ, ಮಾಡಿಸಲೂ ಬಾರದು. ನೀರು ಸುರಿದು, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಕೊಟ್ಟ ಜ್ಞಾನಸ್ನಾನವನ್ನು ಕಥೋಲಿಕ ಧರ್ಮಸಭೆ ಒಪ್ಪುತ್ತದೆ; ಒಬ್ಬರಿಗೆ ಅದು ಜೀವನದಲ್ಲಿ ಒಂದೇ ಸಲ. ಆಕೆಯ ಚರ್ಚಿನಿಂದ ಪ್ರಮಾಣಪತ್ರ ತನ್ನಿ. ಮಿಶ್ರ ವಿವಾಹಕ್ಕೆ ಧರ್ಮಾಧ್ಯಕ್ಷರ ಅನುಮತಿ ಬೇಕು, ಅರ್ಜಿಯನ್ನು ಗುರುಗಳೇ ಕಳುಹಿಸುತ್ತಾರೆ.

ತೊಡಕಾಗುವುದು ಇನ್ನೊಂದು ಕಡೆ. ತ್ರಿತ್ವವನ್ನು ಒಪ್ಪದೆ ‘ಯೇಸುವಿನ ನಾಮದಲ್ಲಿ’ ಎಂದಷ್ಟೇ ಹೇಳಿ ಮುಳುಗಿಸುವ ಕೆಲವು ಪೆಂಟೆಕೋಸ್ಟಲ್ ಗುಂಪುಗಳಿವೆ. ಆ ಜ್ಞಾನಸ್ನಾನವನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಗ ಧರ್ಮಸಭೆಯ ಕಾನೂನಿನ ಪ್ರಕಾರ ಅದು ಜ್ಞಾನಸ್ನಾನ ಪಡೆಯದವರ ಜೊತೆಗಿನ ಮದುವೆಯಾಗುತ್ತದೆ, ಬೇಕಾದ ವಿನಾಯಿತಿಯೂ ಬೇರೆ. ಎಲ್ಲ ಪೆಂಟೆಕೋಸ್ಟಲರೂ ಹೀಗಲ್ಲ. ಎಷ್ಟೋ ಸಭೆಗಳು ಮೂವರ ಹೆಸರನ್ನೂ ಹೇಳುತ್ತವೆ. ಅದಕ್ಕೇ ಗುರುಗಳು ‘ಯಾವ ಮಾತು ಹೇಳಿ ಕೊಟ್ಟರು?’ ಎಂದು ಬಿಡದೆ ಕೇಳುವುದು. ಅದು ತಕರಾರು ತೆಗೆಯಲಿಕ್ಕಲ್ಲ.

ಒಂದು ಮಾತು ಹೆಚ್ಚುಕಮ್ಮಿ ಆದ್ರೆ ದೇವರು ಜ್ಞಾನಸ್ನಾನ ಒಪ್ಪಲ್ವಾ? ಇದು ಅತಿಯಾಯ್ತು.

ಅತಿಯೆನಿಸುವುದು ಸಹಜ. ನಡೆದದ್ದು ಹೇಳುತ್ತೇನೆ. 2008ರಲ್ಲಿ ವ್ಯಾಟಿಕನ್, ‘ಸೃಷ್ಟಿಕರ್ತ, ವಿಮೋಚಕ, ಪಾವನಗೊಳಿಸುವವ’ ಎಂಬ ಹೆಸರುಗಳಲ್ಲಿ ಕೊಟ್ಟ ಜ್ಞಾನಸ್ನಾನ ಸಲ್ಲದು ಎಂದಿತು. 2020ರ ಆಗಸ್ಟ್‌ನಲ್ಲಿ, ‘ನಾನು ನಿನಗೆ’ ಎನ್ನುವ ಬದಲು ‘ನಾವು ನಿನಗೆ’ ಎಂದರೂ ಸಲ್ಲದು ಎಂದಿತು. 2022ರ ಹೊತ್ತಿಗೆ ಅಮೆರಿಕದ ಫೀನಿಕ್ಸ್ ಧರ್ಮಕ್ಷೇತ್ರದಲ್ಲಿ ಒಬ್ಬ ಗುರು ವರ್ಷಗಟ್ಟಲೆ ‘ನಾವು’ ಎಂದೇ ಹೇಳಿದ್ದು ಹೊರಬಿದ್ದು, ಸಾವಿರಾರು ಜನರನ್ನು ಹುಡುಕಿ ಮತ್ತೆ ಕರೆಯಬೇಕಾಯಿತು.

ಮೊದಲನೆಯದರ ಕಾರಣ ನನಗೆ ಒಪ್ಪಿಗೆಯಾಗುತ್ತದೆ. ಪಿತ, ಸುತ, ಪವಿತ್ರಾತ್ಮ ಎಂಬವು ಹುದ್ದೆಗಳಲ್ಲ. ‘ಸೃಷ್ಟಿಕರ್ತ’ ಎಂದರೆ ನಮಗಾಗಿ ಮಾಡಿದ ಕೆಲಸ ಕಾಣುತ್ತದೆ, ಅವರವರ ನಡುವಿನ ಬಂಧ ಕಾಣುವುದಿಲ್ಲ. ಎರಡನೆಯದಕ್ಕೆ ಕೊಟ್ಟ ವಿವರಣೆ, ಜ್ಞಾನಸ್ನಾನ ಕೊಡುವವರು ಕ್ರಿಸ್ತರೇ, ಗುರುವಿನ ಬಾಯಲ್ಲಿ ಬರುವ ‘ನಾನು’ ಅವರದು, ನೆರೆದ ಜನರದಲ್ಲ ಎಂಬುದು. ಇದನ್ನು ಒಪ್ಪಿಕೊಂಡೂ, ಆ ಜನರ ಮನಸ್ಸಿಗಾದ ಗಲಿಬಿಲಿ ನನ್ನನ್ನು ಕಾಡುತ್ತದೆ. ದೇವರು ತಾನು ಕೊಟ್ಟ ಸಂಸ್ಕಾರಗಳಿಗೆ ಕಟ್ಟುಬಿದ್ದವನಲ್ಲ ಎಂದು ಧರ್ಮಸಭೆಯೇ ಕಲಿಸುತ್ತದೆ. ಭಯ ಬೇಡ.

ಮಗು ಐಸಿಯುನಲ್ಲಿದೆ, ಫಾದರ್ ಬರೋಷ್ಟು ಹೊತ್ತಿಲ್ಲ. ಏನು ಮಾಡ್ಲಿ?

ನೀವೇ ಕೊಡಿ. ತಲೆಯ ಮೇಲೆ ಸ್ವಲ್ಪ ನೀರು ಸುರಿಯುತ್ತಾ, ಮಗುವಿನ ಹೆಸರು ಹಿಡಿದು ‘ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ’ ಎಂದರೆ ಸಾಕು. ನಲ್ಲಿ ನೀರೇ ಆದೀತು. ನಿಮ್ಮನ್ನು ಒಳಗೆ ಬಿಡದಿದ್ದರೆ ನರ್ಸಮ್ಮನನ್ನು ಕೇಳಿಕೊಳ್ಳಿ. ಅವರು ಹಿಂದೂ ಆಗಿರಲಿ, ಮುಸ್ಲಿಂ ಆಗಿರಲಿ, ಧರ್ಮಸಭೆ ಮಾಡುವುದನ್ನೇ ಮಾಡುವ ಮನಸ್ಸಿದ್ದರೆ ಸಲ್ಲುತ್ತದೆ. ಆಮೇಲೆ ಧರ್ಮಕೇಂದ್ರಕ್ಕೆ ತಿಳಿಸಿ ಪುಸ್ತಕದಲ್ಲಿ ಬರೆಸಿ. ಮಗು ಚೇತರಿಸಿಕೊಂಡರೆ ಮಿಕ್ಕ ವಿಧಿಗಳನ್ನು ಚರ್ಚಿನಲ್ಲಿ ಪೂರೈಸುತ್ತಾರೆ, ನೀರು ಮತ್ತೆ ಸುರಿಯುವುದಿಲ್ಲ. ಅದಕ್ಕೂ ಮೊದಲೇ ಮಗು ಹೋಗಿಬಿಟ್ಟಿದ್ದರೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಅಂಥ ಮಕ್ಕಳನ್ನು ಧರ್ಮಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ, ಅವರಿಗಾಗಿ ಅಂತ್ಯಕ್ರಿಯೆಯ ಪ್ರಾರ್ಥನೆಯೂ ಇದೆ.

## ಪ್ರಾರ್ಥನೆ, ಪೂಜೆ, ಪಾಠ

ಪ್ರಾರ್ಥನೆ ಯಾರಿಗೆ ಮಾಡ್ಬೇಕು? ಯೇಸುಗೆ ಮಾಡಿದ್ರೆ ತಂದೆಗೆ ಬೇಜಾರಾಗುತ್ತಾ?

ಎಂಟು ವರ್ಷದ ಹುಡುಗಿಯ ಪ್ರಶ್ನೆ. ದೊಡ್ಡವರಿಗೂ ಇದೇ ಅಳುಕಿದೆ, ಬಾಯಿಬಿಟ್ಟು ಕೇಳುವುದಿಲ್ಲ ಅಷ್ಟೇ. ಯಾರಿಗೆ ಬೇಕಾದರೂ ಮಾಡಬಹುದು, ಒಬ್ಬರನ್ನು ಕರೆದಾಗ ಉಳಿದಿಬ್ಬರು ಹೊರಗಿರುವುದಿಲ್ಲ.

ಬಲಿಪೂಜೆಯನ್ನು ಗಮನವಿಟ್ಟು ಕೇಳಿದರೆ ಒಂದು ಹರಿವು ಕಾಣುತ್ತದೆ. ಬಹುಪಾಲು ಪ್ರಾರ್ಥನೆಗಳು ಪಿತನನ್ನು ಉದ್ದೇಶಿಸಿ, ಸುತನ ಮೂಲಕ, ಪವಿತ್ರಾತ್ಮರ ಐಕ್ಯದಲ್ಲಿ. ಶುರುವಿನ ಶಿಲುಬೆ ಗುರುತಿನ ನಂತರ ಗುರುಗಳು ಹೇಳುವ ಶುಭಾಶಯಗಳಲ್ಲಿ ಒಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಕೊನೆಯ ಸಾಲು: ಕ್ರಿಸ್ತರ ಕೃಪೆ, ದೇವರ ಪ್ರೀತಿ, ಪವಿತ್ರಾತ್ಮರ ಅನ್ಯೋನ್ಯತೆ. ಕಾಣಿಕೆಗಳ ಮೇಲೆ ಗುರುಗಳು ಕೈ ಚಾಚಿದಾಗ, ನಮ್ಮ ಕಡೆ ಗಂಟೆ ಬಾರಿಸುವ ಆ ಹೊತ್ತಿನಲ್ಲಿ, ಅವರು ಪಿತನನ್ನು ಬೇಡುತ್ತಿರುವುದು ಪವಿತ್ರಾತ್ಮರನ್ನು ಕಳುಹಿಸೆಂದು, ರೊಟ್ಟಿ ದ್ರಾಕ್ಷಾರಸಗಳು ಸುತನ ಶರೀರ ರಕ್ತಗಳಾಗಲೆಂದು. ಒಂದೇ ವಾಕ್ಯದಲ್ಲಿ ಮೂವರೂ ಇದ್ದಾರೆ. ಮಹಾಪ್ರಾರ್ಥನೆಯ ಕೊನೆಗೆ ಪಾತ್ರೆ ಎತ್ತಿ ಹಾಡುವ ಮಾತಿಗೆ ನಾವು ಹೇಳುವ ‘ಆಮೆನ್’ ಇಡೀ ಪೂಜೆಯ ಅತಿ ಮುಖ್ಯ ಆಮೆನ್. ಎಷ್ಟೋ ಕಡೆ ಅದು ಗೊಣಗಾಟದಲ್ಲಿ ಮುಗಿದುಹೋಗುತ್ತದೆ. ಗಾಯನ ತಂಡದವರು ದಯವಿಟ್ಟು ಇದಕ್ಕೊಂದು ಒಳ್ಳೆಯ ರಾಗ ಹಾಕಿ.

ಪವಿತ್ರಾತ್ಮ ಅಂದ್ರೆ ಪಾರಿವಾಳ, ತಂದೆ ಅಂದ್ರೆ ಗಡ್ಡದ ಅಜ್ಜ. ಹೀಗೆ ಚಿತ್ರ ಬರೆಯೋದು ಸರೀನಾ?

ಪಾರಿವಾಳ ಬಂದದ್ದು ಯೇಸು ಜೋರ್ಡನ್ ನದಿಯಲ್ಲಿ ಜ್ಞಾನಸ್ನಾನ ಪಡೆದ ಪ್ರಸಂಗದಿಂದ (ಮತ್ತಾಯ 3:16). ಬಿಳಿಗಡ್ಡ ದಾನಿಯೇಲನ ದರ್ಶನದಿಂದ. ಇವು ಗುರುತುಗಳು, ಭಾವಚಿತ್ರಗಳಲ್ಲ. ಅತಿಗೆ ಹೋದಾಗ ಧರ್ಮಸಭೆ ತಡೆದದ್ದೂ ಉಂಟು: ಪವಿತ್ರಾತ್ಮರನ್ನು ಸುಂದರ ಯುವಕನಂತೆ ಬರೆಯುವುದು ಬೇಡವೆಂದು ಹದಿನಾಲ್ಕನೇ ಬೆನೆಡಿಕ್ಟ್ ಪೋಪರು 1745ರಲ್ಲಿ ಹೇಳಿದರು. ರಷ್ಯದ ಆಂದ್ರೇಯ್ ರುಬ್ಲ್ಯೋವ್ 15ನೇ ಶತಮಾನದ ಆರಂಭದಲ್ಲಿ ಬರೆದದ್ದು ಬೇರೆ ಬಗೆಯ ಚಿತ್ರ. ಅಬ್ರಹಾಮನ ಮನೆಗೆ ಬಂದ ಮೂವರು ಅತಿಥಿಗಳು, ಒಂದು ಪಾತ್ರೆಯ ಸುತ್ತ, ಒಬ್ಬರ ಕಡೆಗೊಬ್ಬರು ತಲೆ ಬಾಗಿಸಿ ಕೂತಿದ್ದಾರೆ. ಅಜ್ಜನೂ ಇಲ್ಲ, ಪಾರಿವಾಳವೂ ಇಲ್ಲ. ಮನೆಯಲ್ಲಿ ಯಾವುದಾದರೂ ಒಂದನ್ನು ಇಡುವುದಾದರೆ ನಾನು ಅದನ್ನೇ ಇಡುತ್ತೇನೆ.

ಮಕ್ಕಳಿಗೆ ನೀರು, ಮಂಜುಗಡ್ಡೆ, ಹಬೆ ಅಂತ ಉದಾಹರಣೆ ಕೊಟ್ಟು ಹೇಳ್ತೀವಿ. ಸರಿ ತಾನೆ?

ಬಿಟ್ಟುಬಿಡಿ. ಅದೇ ನೀರು ಒಮ್ಮೆ ಗಡ್ಡೆ, ಒಮ್ಮೆ ಹಬೆ ಎಂದರೆ, ಒಬ್ಬರೇ ದೇವರು ಒಮ್ಮೆ ಪಿತನ ವೇಷದಲ್ಲಿ, ಒಮ್ಮೆ ಸುತನ ವೇಷದಲ್ಲಿ ಬಂದರು ಎಂದಾಯಿತು. 3ನೇ ಶತಮಾನದಲ್ಲಿ ಸಬೆಲ್ಲಿಯುಸ್ ಹೆಸರಿನೊಂದಿಗೆ ತಳಕುಹಾಕಿಕೊಂಡ ಈ ಬೋಧನೆಯನ್ನು ಧರ್ಮಸಭೆ ಅಂದೇ ತಳ್ಳಿಹಾಕಿತು. ವೇಷವಾಗಿದ್ದರೆ ಯೇಸು ಪ್ರಾರ್ಥಿಸಿದ್ದು ತಮ್ಮನ್ನು ತಾವೇ ಎಂದಾಗುತ್ತದೆ.

ಮಕ್ಕಳಿಗೆ ಜೋರ್ಡನ್ ನದಿಯ ಕತೆ ಹೇಳಿ. ನೀರಿನಲ್ಲಿ ನಿಂತವರು ಯಾರು? ಮೇಲಿನಿಂದ ಕೇಳಿದ ದನಿ ಯಾರದು? ಇಳಿದು ಬಂದವರು ಯಾರು? ಚಿತ್ರ ಬರೆಸಿ. ಪ್ರಥಮ ಪರಮಪ್ರಸಾದದ ವಯಸ್ಸಿಗೆ ಅಷ್ಟು ಸಾಕು.

ನಮ್ಮ ಧರ್ಮಕೇಂದ್ರದಲ್ಲಿ ಕನ್ನಡ, ತಮಿಳು, ಕೊಂಕಣಿ ಅಂತ ಪೂಜೆ ಸಮಯಕ್ಕೇ ಜಗಳ. ‘ತ್ರೈಏಕ ದೇವರಂತೆ ಒಂದಾಗಿರಿ’ ಅಂತ ಪ್ರಸಂಗ ಮಾಡ್ತಾರೆ. ಏನು ಬಂತು ಪ್ರಯೋಜನ?

ಬೆಂಗಳೂರಿನವರು ಕೇಳುವ ಪ್ರಶ್ನೆ, ಅದೂ ಸುಮ್ಮನೆ ಅಲ್ಲ. ಅಲ್ಲಿ ಭಾಷೆಯ ಗಾಯ ಹಳೆಯದು. ತ್ರಿತ್ವವನ್ನು ಆಡಳಿತದ ಸೂತ್ರ ಮಾಡಿಕೊಂಡು ಪ್ರಸಂಗ ಹೇಳುವುದು ನನಗೂ ಹಿಡಿಸುವುದಿಲ್ಲ. ಯಾವ ಭಾಷೆಯ ಪೂಜೆ ಎಷ್ಟು ಗಂಟೆಗೆ ಎಂಬುದು ನ್ಯಾಯದ, ಜನಸಂಖ್ಯೆಯ, ನಾಡಿನ ಭಾಷೆಯ ಗೌರವದ ಪ್ರಶ್ನೆ. ಅದನ್ನು ಪಾಲನಾ ಪರಿಷತ್ತಿನಲ್ಲಿ ಕೂತು, ಲೆಕ್ಕ ಮುಂದಿಟ್ಟುಕೊಂಡು ಬಗೆಹರಿಸಬೇಕು. ದೇವರ ಗುಟ್ಟನ್ನು ಎಳೆದು ತಂದು ಬಾಯಿ ಮುಚ್ಚಿಸಬಾರದು.

ಆದರೆ ಒಂದು ಮಾತು ನಿಲ್ಲುತ್ತದೆ. ಪಿತ ಸುತನಾಗುವುದಿಲ್ಲ, ಸುತ ಪವಿತ್ರಾತ್ಮರಾಗುವುದಿಲ್ಲ. ಒಂದಾಗಿರಲು ಯಾರೂ ಕರಗಿಹೋಗಬೇಕಿಲ್ಲ. ‘ಒಂದಾಗಿರಿ’ ಎನ್ನುತ್ತಾ ‘ನಮ್ಮಂತೆ ಆಗಿ’ ಎಂದು ಒತ್ತಾಯಿಸುವವರಿಗೆ ಇದನ್ನು ನೆನಪಿಸಬಹುದು. ಪೆಂತೆಕೋಸ್ತಿನ ದಿನವೂ ಎಲ್ಲರೂ ಒಂದೇ ಭಾಷೆ ಆಡಲಿಲ್ಲ, ಅವರವರ ಭಾಷೆಯಲ್ಲೇ ಕೇಳಿಸಿಕೊಂಡರು.

## ಸ್ವಲ್ಪ ಆಳದ ಪ್ರಶ್ನೆಗಳು

ಬೈಬಲಿನಲ್ಲಿ ‘ತ್ರಿತ್ವ’ ಅನ್ನೋ ಪದವೇ ಇಲ್ಲ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ವೋಟು ಹಾಕಿಸಿ ಯೇಸುವನ್ನ ದೇವರು ಮಾಡಿದ್ದಂತೆ?

ಪದ ಇಲ್ಲ ಎಂಬುದು ಸರಿ. ಸಂಗತಿ ಇದೆ: ಮೂವರ ನಾಮದಲ್ಲಿ ಜ್ಞಾನಸ್ನಾನ ಕೊಡಿರೆಂಬ ಯೇಸುವಿನ ಮಾತು (ಮತ್ತಾಯ 28:19), ದಿವ್ಯವಾಣಿ (ಅಂದರೆ ಸುತ) ದೇವರಾಗಿದ್ದರು ಎಂಬ ಯೊವಾನ್ನನ ಮೊದಲ ಸಾಲು, ‘ನನ್ನ ಪ್ರಭು, ನನ್ನ ದೇವರು’ ಎಂಬ ತೋಮನ ಉದ್ಗಾರ. ಅಂತಿಯೋಕ್ಯದ ಥಿಯೋಫಿಲಸ್ ಸುಮಾರು ಕ್ರಿ.ಶ. 180ರಲ್ಲಿ ಗ್ರೀಕಿನಲ್ಲೂ, ಕೆಲ ದಶಕಗಳಲ್ಲಿ ತೆರ್ತುಲ್ಲಿಯನ್ ಲ್ಯಾಟಿನ್ನಿನಲ್ಲೂ ತ್ರಿತ್ವದ ಬಗ್ಗೆ ಬರೆದಾಗಿತ್ತು. ಆಗ ಕಾನ್‌ಸ್ಟಂಟೈನ್ ಹುಟ್ಟಿಯೇ ಇರಲಿಲ್ಲ.

ನೀವು ಹೇಳುವ 325ರ ಸಭೆ, ಅಂದರೆ ಧರ್ಮಾಧ್ಯಕ್ಷರ ನಿಸೇಯದ ಮಹಾಸಭೆ, ಸೇರಿದ್ದು ಅಲೆಕ್ಸಾಂಡ್ರಿಯದ ಗುರು ಆರಿಯುಸ್ ಎಬ್ಬಿಸಿದ ವಿವಾದಕ್ಕೆ. ಸುತ ಶ್ರೇಷ್ಠನೇ, ಆದರೆ ಸೃಷ್ಟಿಸಲ್ಪಟ್ಟವನು, ಅವನು ಇಲ್ಲದಿದ್ದ ಒಂದು ಸ್ಥಿತಿ ಇತ್ತು ಎಂಬುದು ಅವನ ವಾದ. ಮಹಾಸಭೆ ಅದನ್ನು ತಳ್ಳಿ, ಸುತ ‘ಜನಿಸಿದವರು, ಸೃಷ್ಟಿಯಾದವರಲ್ಲ’, ಪಿತನೊಂದಿಗೆ ಒಂದೇ ಸತ್ವದವರು ಎಂದು ಹೇಳಿತು. ಪವಿತ್ರಾತ್ಮರ ಕುರಿತ ಭಾಗ ತುಂಬಿಕೊಂಡದ್ದು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯಲ್ಲಿ. ಭಾನುವಾರ ನಾವು ಹೇಳುವ ದೊಡ್ಡ ವಿಶ್ವಾಸ ಸಂಗ್ರಹ ಅದೇ.

ಚಕ್ರವರ್ತಿಯ ಕೈವಾಡ ಎನ್ನುವವರು ಮುಂದಿನ ಕತೆ ಓದಿಲ್ಲ. ಕಾನ್‌ಸ್ಟಂಟೈನ್ ಸಾಯುವ ಮುಂಚೆ ಜ್ಞಾನಸ್ನಾನ ಪಡೆದದ್ದು ಆರಿಯುಸನ ಪರ ನಿಂತಿದ್ದ ಧರ್ಮಾಧ್ಯಕ್ಷನಿಂದ. ಮಗ ಕಾನ್‌ಸ್ಟಾಂಟಿಯುಸ್ ಬಹಿರಂಗವಾಗಿ ಆ ಪಕ್ಷ ಹಿಡಿದ. ನಿಸೇಯದ ಮಾತನ್ನು ಬಿಡದ ಅಥನಾಸಿಯುಸರು ಐದು ಸಲ ಗಡೀಪಾರಾದರು. ಅರಮನೆಯ ಬಲ ದಶಕಗಳ ಕಾಲ ಇದ್ದದ್ದು ಎದುರು ಪಕ್ಷಕ್ಕೆ.

ಯೇಸು ದೇವರಾಗಿದ್ರೆ ಗೆತ್ಸೆಮನೆಯಲ್ಲಿ ಯಾರ ಹತ್ರ ಬೇಡ್ಕೊಂಡ್ರು? ‘ಪಿತ ನನಗಿಂತ ದೊಡ್ಡವರು’ ಅಂತ ಅವರೇ ಹೇಳಿಲ್ವಾ?

ಹೇಳಿದ್ದಾರೆ (ಯೊವಾನ್ನ 14:28). ಅದೇ ಶುಭಸಂದೇಶದಲ್ಲಿ ‘ನಾನೂ ಪಿತನೂ ಒಂದೇ’ ಎಂದೂ ಇದೆ (10:30). ಎರಡನ್ನೂ ಜೊತೆಯಲ್ಲಿಟ್ಟು ಓದಬೇಕು. ಸುತ ನಿಜವಾಗಿ ಮನುಷ್ಯರಾದರು. ಮನುಷ್ಯರಾಗಿ ಹೆದರಿದರು, ಬೆವರಿದರು, ಬೇಡಿದರು, ಸತ್ತರು. ಸೆರೆಯಾಗುವ ಮುನ್ನ ಗೆತ್ಸೆಮನೆ ತೋಟದಲ್ಲಿ ಹಾಗೆ ಬೇಡಿದ್ದು ಪಿತನನ್ನು. ಪಿತ ಬೇರೆ, ಸುತ ಬೇರೆ ಎಂಬುದಕ್ಕೆ ಗೆತ್ಸೆಮನೆಗಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಶಿಲುಬೆಯ ಮೇಲೆ ಸತ್ತದ್ದು ಪಿತನಲ್ಲ, ಮನುಷ್ಯರಾದ ಸುತ.

ಮಗ ಎಂದಮೇಲೆ ಅಪ್ಪನಿಗಿಂತ ಕಿರಿಯನಲ್ಲವೇ ಎಂಬುದು ಇದರ ಬಾಲಂಗೋಚಿ. ನಮ್ಮಲ್ಲಿ ಅಪ್ಪ ಮೊದಲು, ಮಗ ಆಮೇಲೆ, ಏಕೆಂದರೆ ನಾವು ಕಾಲದೊಳಗಿದ್ದೇವೆ. ಅಲ್ಲಿ ಸುತ ಇಲ್ಲದ ಪಿತ ಎಂದೂ ಇರಲಿಲ್ಲ.

ಬ್ರಹ್ಮ, ವಿಷ್ಣು, ಮಹೇಶ್ವರ ಇದ್ದ ಹಾಗೆ ನಿಮ್ಮಲ್ಲೂ ಮೂವರು, ಅಲ್ವಾ?

ಹಿಂದೂ ಗೆಳೆಯರು ಆತ್ಮೀಯತೆಯಿಂದಲೇ ಕೇಳುವ ಪ್ರಶ್ನೆ, ಉತ್ತರವೂ ಹಾಗೇ ಇರಬೇಕು. ಸಂಖ್ಯೆ ಒಂದೇ, ಹೇಳುವ ವಿಷಯ ಬೇರೆ. ಸೃಷ್ಟಿ, ಸ್ಥಿತಿ, ಲಯ ಎಂದು ಮೂರು ಕೆಲಸಗಳಿಗೆ ಮೂರು ಮೂರ್ತಿಗಳು ಅಲ್ಲಿ. ತ್ರಿತ್ವದಲ್ಲಿ ಸೃಷ್ಟಿಯಾಗಲಿ ರಕ್ಷಣೆಯಾಗಲಿ ಮೂವರೂ ಒಟ್ಟಾಗಿ ಮಾಡುವ ಕೆಲಸ.

ಭಾರತದ ಕಥೋಲಿಕ ಚಿಂತಕರು ಹತ್ತಿರವೆಂದು ಕಂಡದ್ದು ಸಚ್ಚಿದಾನಂದವನ್ನು. ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು 1898ರಲ್ಲಿ ‘ವಂದೇ ಸಚ್ಚಿದಾನಂದಂ’ ಎಂಬ ಸಂಸ್ಕೃತ ಸ್ತೋತ್ರ ಬರೆದರು: ಸತ್ ಪಿತ, ಚಿತ್ ಸುತ, ಆನಂದ ಪವಿತ್ರಾತ್ಮ. 1950ರಲ್ಲಿ ಫ್ರಾನ್ಸಿನ ಇಬ್ಬರು ಗುರುಗಳು ನಮ್ಮ ಕಾವೇರಿ ಹರಿದು ಹೋಗುವ ದಾರಿಯಲ್ಲೇ, ತಮಿಳುನಾಡಿನ ಕುಳಿತ್ತಲೈ ಬಳಿ, ಸಚ್ಚಿದಾನಂದ ಆಶ್ರಮ ಕಟ್ಟಿದರು. ಮುಂದೆ ಅದನ್ನು ನಡೆಸಿದ ಬೀಡ್ ಗ್ರಿಫಿತ್ಸ್ ಭಾರತಕ್ಕೆ ಬಂದ ಹೊಸದರಲ್ಲಿ ಇದ್ದದ್ದು ಬೆಂಗಳೂರಿನ ಕೆಂಗೇರಿಯಲ್ಲಿ. ಈ ಹೋಲಿಕೆಯೂ ಪೂರ್ತಿ ಕೂಡುವುದಿಲ್ಲ ಎನ್ನುವ ಟೀಕೆ ಎರಡೂ ಕಡೆಯಿಂದ ಇದೆ. ನನಗೆ ಅದು ವಾದಕ್ಕಿಂತ ಹಾಡಿಗೆ ಒಗ್ಗುತ್ತದೆ ಅನ್ನಿಸುತ್ತದೆ.

ಬ್ರಹ್ಮಾವರದ ಆರ್ಥಡಾಕ್ಸ್ ಚರ್ಚಿಗೆ ಹೋಗಿದ್ದೆ. ವಿಶ್ವಾಸ ಸಂಗ್ರಹದಲ್ಲಿ ಒಂದು ಮಾತು ಬಿಟ್ಟರಲ್ಲ?

ಬಿಟ್ಟದ್ದು ಅವರಲ್ಲ, ಸೇರಿಸಿದ್ದು ನಾವು. 381ರ ಪಾಠದಲ್ಲಿ ಪವಿತ್ರಾತ್ಮ ‘ಪಿತನಿಂದ’ ಹೊರಹೊಮ್ಮುತ್ತಾರೆ ಎಂದಷ್ಟೇ ಇದೆ. ‘ಸುತನಿಂದಲೂ’ ಎಂಬುದು ಪಶ್ಚಿಮದಲ್ಲಿ, ಸ್ಪೇನಿನ ಕಡೆಯಿಂದ, ನಿಧಾನಕ್ಕೆ ಸೇರಿತು. ರೋಮಿನ ಪೂಜೆಯಲ್ಲಿ ಅದು ಕೇಳಿಬಂದದ್ದು 1014ರಲ್ಲಿ. ನಲವತ್ತು ವರ್ಷಕ್ಕೆ, 1054ರಲ್ಲಿ, ಕಾನ್‌ಸ್ಟಾಂಟಿನೋಪಲ್‌ಗೂ ರೋಮಿಗೂ ಬಿರುಕು ಬಿಟ್ಟಾಗ ದೂರುಗಳ ಪಟ್ಟಿಯಲ್ಲಿ ಇದೂ ಇತ್ತು. ಬ್ರಹ್ಮಾವರದವರು ಸೇರಿದ ಮಲಂಕರ ಸಭೆ ಅದಕ್ಕೂ ಎಷ್ಟೋ ಮೊದಲೇ ಬೇರೆಯಾದ ಸಿರಿಯನ್ ಪರಂಪರೆಯದು, ಹಳೆಯ ಪಾಠವನ್ನೇ ಉಳಿಸಿಕೊಂಡಿದೆ. ಎರಡನೇ ಜಾನ್ ಪೌಲ್ ಪೋಪರು ಆರ್ಥಡಾಕ್ಸ್ ಪಿತೃಪ್ರಧಾನರ ಜೊತೆ ನಿಂತು ಆ ಮಾತಿಲ್ಲದೆಯೇ ವಿಶ್ವಾಸ ಸಂಗ್ರಹ ಹೇಳಿದ್ದುಂಟು.

ಕೊನೆಗೆ ‘ರಹಸ್ಯ’ ಅಂದುಬಿಡ್ತೀರಿ. ಇದು ಜಾರಿಕೊಳ್ಳೋದಲ್ವಾ? ಧ್ಯಾನ ಮಾಡೋದಾದ್ರೂ ಎಲ್ಲಿಂದ?

ಪ್ರಶ್ನೆ ಕೇಳಿದ ಕೂಡಲೇ ‘ರಹಸ್ಯ’ ಎಂದರೆ ಜಾರಿಕೊಂಡಂತೆಯೇ. ಸಮುದ್ರದ ನೀರನ್ನು ಗುಂಡಿಗೆ ತುಂಬುತ್ತಿದ್ದ ಹುಡುಗನನ್ನು ಸಂತ ಆಗಸ್ಟೀನರು ಕಂಡು, ತ್ರಿತ್ವವನ್ನು ಬುದ್ಧಿಯಲ್ಲಿ ಹಿಡಿಸುವುದೂ ಅಷ್ಟೇ ಆಗದ ಮಾತೆಂದು ಅರಿತ ಕತೆಯನ್ನು ಪ್ರಸಂಗಗಳಲ್ಲಿ ಹೇಳಿ ಹೇಳಿ ಸವೆಸಿದ್ದೇವೆ. ಅದು ಎಷ್ಟೋ ಶತಮಾನಗಳ ನಂತರ ಹುಟ್ಟಿದ ದಂತಕತೆ. ನಿಜವಾದ ಆಗಸ್ಟೀನರು ಕೈಚೆಲ್ಲಲಿಲ್ಲ. ವರ್ಷಗಟ್ಟಲೆ ಕೂತು ತ್ರಿತ್ವದ ಮೇಲೆ ಹದಿನೈದು ಭಾಗಗಳ ಗ್ರಂಥ ಬರೆದರು, ಪ್ರೀತಿಸುವವ, ಪ್ರೀತಿಸಲ್ಪಡುವವ, ಅವರ ನಡುವಿನ ಪ್ರೀತಿ ಎಂಬ ಹೋಲಿಕೆ ಇಟ್ಟು, ಅದೂ ಸಾಲದೆಂದು ಮುಂದೆ ಹೋದರು.

ಧ್ಯಾನಕ್ಕೆ ಯೊವಾನ್ನನ ಶುಭಸಂದೇಶದ 14ರಿಂದ 17ನೇ ಅಧ್ಯಾಯ ತೆಗೆದುಕೊಳ್ಳಿ, ದಿನಕ್ಕೆ ಕೆಲವೇ ಸಾಲು. ಯೇಸು ಪಿತನ ಬಗ್ಗೆ, ಸಹಾಯಕರಾದ ಪವಿತ್ರಾತ್ಮರ ಬಗ್ಗೆ ಇಷ್ಟು ಬಿಚ್ಚಿ ಮಾತಾಡಿದ್ದು ಬೇರೆಲ್ಲೂ ಇಲ್ಲ. ಫ್ರಾನ್ಸಿನ ದಿಜೋನ್ ಕಾರ್ಮೆಲ್ ಮಠದಲ್ಲಿದ್ದ ತ್ರಿತ್ವದ ಎಲಿಜಬೆತ್ 1904ರಲ್ಲಿ ಬರೆದ ಪ್ರಾರ್ಥನೆ ಸಿಕ್ಕರೆ ಓದಿ. ಇಪ್ಪತ್ತಾರಕ್ಕೇ ತೀರಿಕೊಂಡ ಆಕೆಯನ್ನು 2016ರಲ್ಲಿ ಸಂತಳೆಂದು ಘೋಷಿ‌ಸಲಾಯಿತು. ಅಷ್ಟು ಬಿಡುವಿಲ್ಲದವರು ರಾತ್ರಿಯ ಜಪಸರದಲ್ಲಿ ಹತ್ತು ಮಣಿಗೊಮ್ಮೆ ಬರುವ ತ್ರಿತ್ವಸ್ತುತಿಯನ್ನು, ಮುಂದಿನ ಹತ್ತು ಮಣಿಗೆ ಓಡುವ ಅವಸರದಲ್ಲಿ ನುಂಗಿಹಾಕದೆ, ಪೂರ್ತಿ ಬಾಯಿಬಿಟ್ಟು ಹೇಳಿ.